ತಡೆದು ನಿಲ್ಲಿಸಿ ನೋಡುವ ವಿದ್ಯೆ

ಹೋದ ವರ್ಷದ ಆಷಾಢದಲ್ಲಿ ಒಂದು ಬೆಳಿಗ್ಗೆ ನಮ್ಮ ಕಾಲೇಜಿನ ಸೂಚನಾಫಲಕದ ಮುಂದೆ ಗುಂಪು ಕೂಡಿತ್ತು. ಶುಲ್ಕ ವಿನಾಯಿತಿ ಪಡೆದ ವಿದ್ಯಾರ್ಥಿಗಳ ಪಟ್ಟಿಯನ್ನು ಅಂತರಜಾಲದ ಪುಟದಿಂದ ಮುದ್ರಿಸಿ ಅಲ್ಲಿ ಅಂಟಿಸಿದ್ದರು. ಕ್ರಮಸಂಖ್ಯೆಗಳು ಸರಿಯಾಗಿದ್ದವು, ರೂಪಾಯಿಯ ಲೆಕ್ಕವೂ ಸರಿಯಾಗಿತ್ತು. ಆದರೆ ಹೆಸರುಗಳಿರಬೇಕಾದ ಜಾಗದಲ್ಲಿ ಮೇಲಿನಿಂದ ಕೆಳಗಿನವರೆಗೆ ಬರಿಯ ಪ್ರಶ್ನಚಿಹ್ನೆಗಳೇ ಇದ್ದವು. ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದಿದ್ದ ಒಬ್ಬ ರೈತರು ನನ್ನನ್ನು ತಡೆದು, “ಸ್ವಾಮಿ, ನಮ್ಮ ಲಕ್ಷ್ಮಿ ಹೆಸರು ಎಲ್ಲೈತೆ, ಒಸಿ ನೋಡಿ ಹೇಳಿ” ಎಂದರು. ನಾನು ನೋಡಿದೆ. ಏಳು ಪ್ರಶ್ನಚಿಹ್ನೆಗಳು ಸಾಲಾಗಿ ನಿಂತಿದ್ದ ಮನೆಗಳು ಆ ಪಟ್ಟಿಯಲ್ಲಿ ಹಲವು ಇದ್ದವು. ಅವುಗಳಲ್ಲಿ ಯಾವುದು ಲಕ್ಷ್ಮಿ ಎಂದು ಹೇಳಲಿ? ಹೆಸರಿಲ್ಲದ ಪಟ್ಟಿಯ ಮೇಲೆ ಹಣ ಬಿಡಲು ತನಗೆ ಅಧಿಕಾರವಿಲ್ಲವೆಂದು ಗುಮಾಸ್ತರು ಆಗಲೇ ಕೈಯೆತ್ತಿದ್ದರು. ಶುಲ್ಕ ಕಟ್ಟಲು ಉಳಿದಿದ್ದುದು ಎರಡೇ ದಿನ.

ಇದರಲ್ಲಿ ನನ್ನ ಪಾಲೂ ಇತ್ತೆಂಬುದನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. ಅದರ ಹಿಂದಿನ ವರ್ಷದವರೆಗೆ ಆ ಪಟ್ಟಿ ಇಂಗ್ಲಿಷಿನಲ್ಲಿ ಬರುತ್ತಿತ್ತು. ಹೆಸರುಗಳಾದರೂ ಕನ್ನಡದಲ್ಲಿರಲಿ, ತಂದೆತಾಯಿಗಳು ತಾವೇ ಓದಿಕೊಳ್ಳಲಿ ಎಂದು ಸಭೆಯಲ್ಲಿ ಹಟ ಹಿಡಿದವನು ನಾನು. ಈಗ ಸಹೋದ್ಯೋಗಿಗಳೊಬ್ಬರು ನಗುತ್ತಲೇ, “ನೋಡಿ, ಯಂತ್ರಕ್ಕೆ ಕನ್ನಡ ಒಗ್ಗುವುದಿಲ್ಲ, ಹಳೆಯದಕ್ಕೇ ಹೋಗಿಬಿಡೋಣ” ಎಂದರು. ಆ ಮಾತು ನನ್ನನ್ನು ಚುಚ್ಚಿತು. ಊರಿಗೆ ಬಂದಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಲ್ಲಿ ಇಂಥ ಕೆಲಸವನ್ನೇ ಮಾಡುವವನು. ಅವನನ್ನು ಕರೆಸಿದೆ. ಆ ಪುಟವನ್ನು ನಡೆಸುವ ಜಾವಾ ಪ್ರೋಗ್ರಾಮಿನ ಮೂಲಪ್ರತಿಯನ್ನು ತರಿಸಿಕೊಂಡು ಅವನು ಎರಡು ಗಂಟೆ ಓದಿದ. ಕೊನೆಗೆ ತಲೆಯೆತ್ತಿ, “ಸಾರ್, ಓದಿದರೆ ತಪ್ಪು ಕಾಣ್ತಾ ಇಲ್ಲ. ಓಡಿಸಿ ನೋಡೋಣ” ಎಂದ. ಓಡಿಸಿ, ನಡುವೆ ತಡೆದು ನಿಲ್ಲಿಸಿ, ಒಳಹೊಕ್ಕು ನೋಡಿದ.

ಅವನು ಕಂಡದ್ದೇನೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಓಡುತ್ತಿರುವ ಪ್ರೋಗ್ರಾಮನ್ನು ಹೀಗೆ ನಡುದಾರಿಯಲ್ಲಿ ನಿಲ್ಲಿಸಿ ನೋಡುವ ವಿದ್ಯೆಗೂ ಒಂದು ಚರಿತ್ರೆಯುಂಟು. ರಾಜರ ಚರಿತ್ರೆಯಷ್ಟು ಹಳೆಯದಲ್ಲವಾದರೂ ಅದಕ್ಕಿಂತ ಕಡಮೆ ಸ್ವಾರಸ್ಯದ್ದೂ ಅಲ್ಲ. ಆ ಚರಿತ್ರೆಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

*

ಯಂತ್ರದ ತಪ್ಪಿಗೆ ಇಂಗ್ಲಿಷಿನಲ್ಲಿ ‘ಬಗ್’, ಎಂದರೆ ಹುಳು, ಎಂಬ ಹೆಸರು ಹೇಗೆ ಬಂತೆಂಬುದಕ್ಕೆ ಒಂದು ಕಥೆ ಪ್ರಚಾರದಲ್ಲಿದೆ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ 2 ಎಂಬ ಗಣಕಯಂತ್ರ ಕೆಟ್ಟು ನಿಂತಿತು. ಬಿಚ್ಚಿ ನೋಡಿದಾಗ ಅದರ ಒಂದು ರಿಲೇಯ ನಡುವೆ ಪತಂಗವೊಂದು ಸಿಕ್ಕಿಕೊಂಡು ಸತ್ತಿತ್ತು. ಅದನ್ನು ತೆಗೆದು ದಿನಚರಿಯ ಪುಸ್ತಕಕ್ಕೆ ಅಂಟಿಸಿ, ನಿಜವಾದ ಹುಳುವೇ ಸಿಕ್ಕ ಮೊದಲ ಪ್ರಸಂಗವಿದು ಎಂಬರ್ಥದ ಒಂದು ಸಾಲನ್ನು ಪಕ್ಕದಲ್ಲಿ ಬರೆದರು. ಆ ಹಾಳೆ ಈಗ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅಲ್ಲಿ ಕೆಲಸ ಮಾಡುತ್ತಿದ್ದ ಗ್ರೇಸ್ ಹಾಪರ್ ಎಂಬ ಮಹಿಳೆ ಮುಂದೆ ಈ ಪ್ರಸಂಗವನ್ನು ಸಭೆಸಭೆಗಳಲ್ಲಿ ಹೇಳಿ ಪ್ರಸಿದ್ಧಗೊಳಿಸಿದರು. ಹುಳುವನ್ನು ಹಿಡಿದವರು ಮಾತ್ರ ಆಕೆಯಲ್ಲ.

ಆದರೆ ಆ ಸಾಲಿನ ಹಾಸ್ಯವನ್ನು ಗಮನಿಸಬೇಕು. ‘ನಿಜವಾದ ಹುಳು’ ಎಂದು ಬರೆದು ನಕ್ಕರೆಂದರೆ, ತಪ್ಪನ್ನು ಹುಳು ಎನ್ನುವ ವಾಡಿಕೆ ಅದಕ್ಕೆ ಮುಂಚೆಯೇ ಇದ್ದಿರಬೇಕು. ಇದ್ದೂ ಇತ್ತು. 1878ರಷ್ಟು ಹಿಂದೆಯೇ ಥಾಮಸ್ ಎಡಿಸನ್ನನು ತನ್ನ ಯಂತ್ರಗಳ ಸಣ್ಣಪುಟ್ಟ ದೋಷಗಳನ್ನು ಕಾಗದವೊಂದರಲ್ಲಿ ಇದೇ ಶಬ್ದದಿಂದ ಕರೆದಿದ್ದಾನೆ. ಶಬ್ದಗಳ ಹುಟ್ಟನ್ನು ಹುಡುಕುವವರು ಚೆಂದದ ಕಥೆ ಸಿಕ್ಕಿತೆಂದು ಅಲ್ಲಿಗೇ ನಿಲ್ಲಬಾರದೆಂಬ ಪಾಠ ಭಾಷಾಶಾಸ್ತ್ರದ ವಿದ್ಯಾರ್ಥಿಗಳಿಗೆ ಹೊಸದೇನೂ ಅಲ್ಲ.

ಶಬ್ದಕ್ಕಿಂತ ತಪ್ಪು ಇನ್ನೂ ಹಳೆಯದು. ಚಾರ್ಲ್ಸ್ ಬ್ಯಾಬೇಜನು ಯೋಜಿಸಿದ್ದ ಅನಲಿಟಿಕಲ್ ಎಂಜಿನ್ ಎಂಬ ಯಂತ್ರವನ್ನು ಕುರಿತು 1843ರಲ್ಲಿ ಏಡಾ ಲವ್‌ಲೇಸ್ ಎಂಬಾಕೆ ಪ್ರಕಟಿಸಿದ ಟಿಪ್ಪಣಿಗಳಲ್ಲಿ, ಬರ್ನೂಲಿ ಸಂಖ್ಯೆಗಳನ್ನು ಲೆಕ್ಕಹಾಕುವ ಕ್ರಮವನ್ನು ತೋರಿಸುವ ಒಂದು ದೊಡ್ಡ ಕೋಷ್ಟಕವಿದೆ. ಜಗತ್ತಿನ ಮೊದಲ ಪ್ರೋಗ್ರಾಮು ಎಂದು ಅದನ್ನು ಕೊಂಡಾಡುವವರು ಅನೇಕರು. ಅದರ ನಾಲ್ಕನೆಯ ಹೆಜ್ಜೆಯಲ್ಲಿ ಭಾಜ್ಯ ಭಾಜಕಗಳು ತಲೆಕೆಳಗಾಗಿ ಅಚ್ಚಾಗಿವೆ. ಬರೆದವರ ಕೈತಪ್ಪೋ ಮೊಳೆ ಜೋಡಿಸಿದವರ ಕೈತಪ್ಪೋ, ಅಂತೂ ತಪ್ಪು. ಅದನ್ನು ಓಡಿಸಿ ಕಂಡುಕೊಳ್ಳೋಣವೆಂದರೆ ಯಂತ್ರವೇ ಇರಲಿಲ್ಲ. ಬ್ಯಾಬೇಜನ ಕನಸು ಕಾಗದದಲ್ಲಿಯೇ ಉಳಿಯಿತು. ಓದುವುದೊಂದೇ ದಾರಿಯಾಗಿದ್ದಾಗ ತಪ್ಪು ಎಷ್ಟು ಕಾಲ ಬೇಕಾದರೂ ಬದುಕಬಲ್ಲದು. ನಮ್ಮ ಓಲೆಯ ಪ್ರತಿಗಳಲ್ಲಿ ಲಿಪಿಕಾರರು ಕೊನೆಗೆ ಕ್ಷಮೆ ಬೇಡಿ ತಿದ್ದಿ ಓದಿಕೊಳ್ಳಿರೆಂದು ಕೇಳಿಕೊಳ್ಳುತ್ತಿದ್ದುದು ಸುಮ್ಮನೆ ಅಲ್ಲ.

*

ನಿಲ್ಲಿಸಿ ನೋಡುವ ಉಪಾಯ ಹುಟ್ಟಿದ್ದು ಫಿಲಡೆಲ್ಫಿಯಾ ನಗರದಲ್ಲಿ. 1946ರ ಫೆಬ್ರವರಿಯಲ್ಲಿ ಲೋಕಕ್ಕೆ ಪ್ರದರ್ಶಿತವಾದ ಎನಿಯಾಕ್ ಎಂಬ ಗಣಕಯಂತ್ರ ಒಂದು ದೊಡ್ಡ ಕೋಣೆಯನ್ನೇ ತುಂಬಿತ್ತು. ಅದರಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು, ತೂಕ 30 ಟನ್ನಿನಷ್ಟು. ಇಂದಿನಂತೆ ಅದಕ್ಕೆ ಪ್ರೋಗ್ರಾಮನ್ನು ಬರೆದು ಕೊಡುವಂತಿರಲಿಲ್ಲ. ಒಂದು ಘಟಕದಿಂದ ಇನ್ನೊಂದಕ್ಕೆ ತಂತಿಗಳನ್ನು ಸಿಕ್ಕಿಸಿ, ಗುಂಡಿಗಳನ್ನು ತಿರುಗಿಸಿ, ಲೆಕ್ಕದ ದಾರಿಯನ್ನು ಕೈಯಾರೆ ಕಟ್ಟಬೇಕಾಗಿತ್ತು. ಈ ಕೆಲಸವನ್ನು ಮಾಡಿದವರು ಆರು ಮಂದಿ ತರುಣಿಯರು: ಕ್ಯಾಥ್ಲೀನ್ ಮೆಕ್‌ನಲ್ಟಿ, ಬೆಟ್ಟಿ ಜೀನ್ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ಸಿಸ್ ಬಿಲಾಸ್ ಮತ್ತು ರೂತ್ ಲಿಕ್ಟರ್‌ಮನ್.

ಲೆಕ್ಕ ತಪ್ಪಾದರೆ ಎಲ್ಲಿ ತಪ್ಪಿತೆಂದು ತಿಳಿಯುವ ಬಗೆ ಹೇಗೆ? ಯಂತ್ರ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಸಾವಿರಾರು ಹೆಜ್ಜೆ ಹಾಕಿಬಿಟ್ಟಿರುತ್ತದೆ. ಇವರು ಕಂಡುಕೊಂಡ ದಾರಿ ಸರಳವಾದದ್ದು. ಅನುಮಾನ ಬಂದ ಜಾಗದಲ್ಲಿ, ಮುಂದಿನ ಹೆಜ್ಜೆಗೆ ಸಂಜ್ಞೆಯನ್ನು ಒಯ್ಯುವ ತಂತಿಯನ್ನು ಕಿತ್ತುಬಿಡುವುದು. ಲೆಕ್ಕ ಅಲ್ಲಿಯವರೆಗೆ ಬಂದು ಮುಂದೆ ದಾರಿಯಿಲ್ಲದೆ ನಿಲ್ಲುತ್ತದೆ. ಆಗ ದೀಪಗಳನ್ನು ನೋಡಿ, ಯಾವ ಮನೆಯಲ್ಲಿ ಯಾವ ಸಂಖ್ಯೆಯಿದೆ ಎಂದು ಓದಿಕೊಳ್ಳುವುದು. ತಂತಿ ತುಂಡಾದ ಬಿಂದುವಾದ್ದರಿಂದ ಅದು ‘ಬ್ರೇಕ್‌ಪಾಯಿಂಟ್’ ಆಯಿತು. ಮುಂದೆ ಹಾಲ್ಬರ್ಟನ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಬೆಟ್ಟಿ ಸ್ನೈಡರರಿಗೆ ಈ ಉಪಾಯದ ಕೀರ್ತಿ ಸಲ್ಲುತ್ತದೆ. ಇಂದಿನ ಪ್ರೋಗ್ರಾಮರನು ಪರದೆಯ ಅಂಚಿನಲ್ಲಿ ಒಂದು ಕೆಂಪು ಚುಕ್ಕೆಯಿಟ್ಟು ಬ್ರೇಕ್‌ಪಾಯಿಂಟ್ ಹಾಕುವಾಗ, ಕಿತ್ತ ತಂತಿಯ ನೆನಪು ಆ ಹೆಸರಿನಲ್ಲಿ ಉಳಿದಿದೆಯೆಂದು ಅವನಿಗೆ ತಿಳಿದಿರಲಾರದು. ಯಂತ್ರದ ಪ್ರದರ್ಶನವಾದ ದಿನದ ಔತಣಕ್ಕೆ ಈ ತರುಣಿಯರಿಗೆ ಕರೆಯೂ ಬರಲಿಲ್ಲ. ಆರು ಮಂದಿಗೂ ಒಟ್ಟಾಗಿ ಸಾರ್ವಜನಿಕ ಗೌರವ ಸಂದದ್ದು 1997ರಲ್ಲಿ, ಅರ್ಧ ಶತಮಾನ ಕಳೆದ ಮೇಲೆ.

*

ತಪ್ಪಿನ ತತ್ತ್ವವನ್ನು ಮೊದಲು ಮನಗಂಡವರು ಕೇಂಬ್ರಿಜ್ಜಿನ ಮಾರಿಸ್ ವಿಲ್ಕ್ಸ್. ಅವರ ಮುಂದಾಳ್ತನದಲ್ಲಿ ಕಟ್ಟಿದ ಎಡ್ಸ್ಯಾಕ್ ಯಂತ್ರ 1949ರ ಮೇ 6ರಂದು ತನ್ನ ಮೊದಲ ಲೆಕ್ಕವನ್ನು ಮಾಡಿ ಮುಗಿಸಿತು. ಅದು ವರ್ಗಸಂಖ್ಯೆಗಳ ಒಂದು ಪಟ್ಟಿ. ಎಲ್ಲರಿಗೂ ಸಂತೋಷವಾಯಿತು. ಇನ್ನು ಪ್ರೋಗ್ರಾಮು ಬರೆಯುವುದು ಸುಲಭ, ಎಚ್ಚರದಿಂದ ಬರೆದರೆ ಮುಗಿಯಿತು ಎಂದೇ ಅವರೆಲ್ಲ ಭಾವಿಸಿದ್ದರು. ಕೆಲವೇ ವಾರಗಳಲ್ಲಿ ವಿಲ್ಕ್ಸ್ ಏರಿ ಸಮೀಕರಣಕ್ಕೆ ಸಂಬಂಧಪಟ್ಟ ಸ್ವಲ್ಪ ಗಂಭೀರವಾದ ಒಂದು ಲೆಕ್ಕಕ್ಕೆ ಕೈಹಾಕಿದರು. ಕಾಗದದ ಪಟ್ಟಿಯ ಮೇಲೆ ತೂತು ಹೊಡೆದು ಆಜ್ಞೆಗಳನ್ನು ಬರೆಯುತ್ತಿದ್ದ ಕಾಲ. ಬರೆದು, ಯಂತ್ರಕ್ಕೆ ಉಣಿಸಿ, ತಪ್ಪು ಕಂಡು, ಮತ್ತೆ ತೂತು ಹೊಡೆಯುವ ಕೋಣೆಗೆ ಹೋಗಿ, ಮತ್ತೆ ಬಂದು, ಹೀಗೆ ಮೆಟ್ಟಿಲ ಮೇಲೆ ಓಡಾಡುತ್ತಿದ್ದಾಗ ಒಂದು ದಿನ ಅವರಿಗೆ ಥಟ್ಟನೆ ಹೊಳೆಯಿತಂತೆ: ತಮ್ಮ ಉಳಿದ ಆಯುಷ್ಯದ ಬಹುಭಾಗ ತಮ್ಮದೇ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದರಲ್ಲೇ ಕಳೆಯಲಿದೆ ಎಂದು. 1985ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಅವರು ಇದನ್ನು ನೆನೆದಿದ್ದಾರೆ.

ಆ ಕಾಗದದ ಪಟ್ಟಿ ನಾಶವಾಗದೆ ಉಳಿದುಕೊಂಡದ್ದು ಚರಿತ್ರಕಾರರ ಪುಣ್ಯ. ಮಾರ್ಟಿನ್ ಕ್ಯಾಂಬೆಲ್-ಕೆಲ್ಲಿ ಎಂಬ ವಿದ್ವಾಂಸರು ಅದನ್ನು ಹಳೆಯ ತಾಮ್ರಶಾಸನವನ್ನು ಓದುವಂತೆ ಓದಿ, 1992ರಲ್ಲಿ ಲೇಖನವೊಂದನ್ನು ಪ್ರಕಟಿಸಿದರು. 126 ಸಾಲುಗಳ ಆ ಪ್ರೋಗ್ರಾಮಿನಲ್ಲಿ ಇಪ್ಪತ್ತರಷ್ಟು ತಪ್ಪುಗಳಿದ್ದವು. ಬರೆದವರು ದಡ್ಡರಲ್ಲ, ಆ ಯಂತ್ರವನ್ನು ನಿರ್ಮಿಸಿದವರೇ. ಆರೇಳು ಸಾಲಿಗೆ ಒಂದು ತಪ್ಪು! ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳನ್ನು ತಿದ್ದುವಾಗ ಬೇಸರಪಡುವ ನನ್ನಂಥವರಿಗೆ ಈ ಲೆಕ್ಕ ಒಂದು ಸಮಾಧಾನವೂ ಹೌದು, ಎಚ್ಚರಿಕೆಯೂ ಹೌದು.

ಕೇಂಬ್ರಿಜ್ಜಿನವರು ಕೊರಗುತ್ತ ಕೂಡಲಿಲ್ಲ. ಮೊದಮೊದಲು ಯಂತ್ರವನ್ನು ಒಂದೊಂದೇ ಆಜ್ಞೆಗೆ ನಿಲ್ಲಿಸಿ, ಪರದೆಯ ಮೇಲಿನ ಚುಕ್ಕೆಗಳನ್ನು ಇಣಿಕಿ ನೋಡುವ ಅಭ್ಯಾಸವಿತ್ತು. ಆದರೆ ಇಡೀ ವಿಶ್ವವಿದ್ಯಾಲಯಕ್ಕೆ ಒಂದೇ ಯಂತ್ರ. ಒಬ್ಬನು ಇಣಿಕುತ್ತ ಕುಳಿತರೆ ಉಳಿದವರ ಗತಿಯೇನು? ಆದುದರಿಂದ ಇಣಿಕುವುದನ್ನು ತಡೆದರು. ಅದರ ಬದಲು, ಪ್ರೋಗ್ರಾಮು ಸತ್ತ ಮೇಲೆ ಅದರ ಸ್ಮೃತಿಯಲ್ಲಿ ಏನಿತ್ತೆಂದು ಅಚ್ಚುಹಾಕಿ ಕೊಡುವ ಸಣ್ಣ ಪ್ರೋಗ್ರಾಮುಗಳನ್ನು ಬರೆದು, ಅವಕ್ಕೆ ‘ಮರಣೋತ್ತರ ಪರೀಕ್ಷೆ’ ಎಂದೇ ಹೆಸರಿಟ್ಟರು. 1951ರಲ್ಲಿ ಸ್ಟ್ಯಾನ್ಲಿ ಗಿಲ್ ಎಂಬ ತರುಣರು, ಪ್ರೋಗ್ರಾಮಿನ ಒಂದೊಂದು ಆಜ್ಞೆಯೂ ನಡೆಯುತ್ತಿದ್ದಂತೆಯೇ ಅದರ ಗುರುತನ್ನು ಅಚ್ಚಿಸುತ್ತ ಹೋಗುವ ಇನ್ನೊಂದು ವಿಧಾನವನ್ನು ವಿವರಿಸಿ ಲೇಖನ ಬರೆದರು. ಒಂದು ಪ್ರೋಗ್ರಾಮನ್ನು ಕಾಯಲು ಇನ್ನೊಂದು ಪ್ರೋಗ್ರಾಮು! ಇಂದು ಡಿಬಗ್ಗರ್ ಎಂದು ಕರೆಯುವ ಸಾಧನದ ಬೀಜ ಇಲ್ಲಿದೆ.

ಇಣಿಕಿ ನೋಡುವ ಸುಖ ಮತ್ತೆ ದೊರೆತದ್ದು ಅಮೆರಿಕದ ಎಂ.ಐ.ಟಿ.ಯಲ್ಲಿ. ಅಲ್ಲಿಗೆ 1958ರಲ್ಲಿ ಬಂದ ಟಿಎಕ್ಸ್-0 ಎಂಬ ಯಂತ್ರದ ಮುಂದೆ ಒಬ್ಬನೇ ಕುಳಿತು ಕೆಲಸ ಮಾಡಬಹುದಾಗಿತ್ತು. 1960ರ ಸುಮಾರಿಗೆ ಅದಕ್ಕಾಗಿ ಬರೆದ ಒಂದು ಡಿಬಗ್ಗರಿಗೆ ‘ಫ್ಲಿಟ್’ ಎಂದು ಹೆಸರಿಟ್ಟರು. ಟೈಪು ಯಂತ್ರದ ಮುಂದೆ ಕುಳಿತು, ಇಂಥ ಮನೆಯಲ್ಲಿ ಏನಿದೆ ಎಂದು ಕೇಳಿದರೆ ಅದು ಉತ್ತರ ಕೊಡುತ್ತಿತ್ತು. ಇಂಥಲ್ಲಿ ನಿಲ್ಲು ಎಂದರೆ ನಿಲ್ಲುತ್ತಿತ್ತು. ಮನೆಯಲ್ಲಿ ತಿಗಣೆ ಸೊಳ್ಳೆಗಳಿಗೆ ಫ್ಲಿಟ್ ಹೊಡೆದ ನೆನಪಿರುವ ಹಿರಿಯರಿಗೆ ಈ ಹೆಸರಿನ ವಿನೋದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರುವರ್ಷ ಪಿಡಿಪಿ-1 ಯಂತ್ರಕ್ಕೆ ಬಂದ ಡಿಬಗ್ಗರಿನ ಹೆಸರು ‘ಡಿಡಿಟಿ’. ಹುಳುವಿಗೆ ಮದ್ದು ಬೇಕಷ್ಟೆ!

*

ಇನ್ನು ಜಾವಾದ ಸಂಗತಿ. ಸನ್ ಮೈಕ್ರೋಸಿಸ್ಟಮ್ಸ್ ಎಂಬ ಅಮೆರಿಕದ ಸಂಸ್ಥೆಯಲ್ಲಿ 1991ರಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು ಮನೆಬಳಕೆಯ ಉಪಕರಣಗಳಿಗೆಂದು ಒಂದು ಭಾಷೆಯನ್ನು ರೂಪಿಸತೊಡಗಿದರು. ಮೊದಲು ಅದಕ್ಕೆ ‘ಓಕ್’ ಎಂಬ ಮರದ ಹೆಸರಿತ್ತು. ಆ ಹೆಸರು ಆಗಲೇ ಬೇರೊಬ್ಬರ ವಶದಲ್ಲಿದ್ದುದರಿಂದ ಕಾಫಿಯ ನೆನಪಿನಲ್ಲಿ ‘ಜಾವಾ’ ಎಂದಾಯಿತು. 1995ರ ಮೇ 23ರಂದು ಅದು ಬಹಿರಂಗವಾಯಿತು. ಜಾವಾ ದ್ವೀಪಕ್ಕೆ ಕಾಫಿ ಹೋದದ್ದು ನಮ್ಮ ಮಲಬಾರ್ ತೀರದಿಂದ. 1696ರಲ್ಲಿ ಡಚ್ಚರು ಸಸಿಗಳನ್ನು ಅಲ್ಲಿಗೆ ಒಯ್ದರು. ಬಾಬಾಬುಡನ್ ಗಿರಿಯ ಐತಿಹ್ಯವನ್ನು ಬಲ್ಲ ನಮಗೆ ಈ ಹೆಸರು ತೀರ ಪರಕೀಯವೆನಿಸಬೇಕಾಗಿಲ್ಲ.

ಜಾವಾದಲ್ಲಿ ಬರೆದ ಪ್ರೋಗ್ರಾಮು ನೇರವಾಗಿ ಯಂತ್ರದ ಮೇಲೆ ಓಡುವುದಿಲ್ಲ. ನಡುವೆ ಕಲ್ಪಿತ ಯಂತ್ರವೊಂದು ಕುಳಿತು, ಬರೆದದ್ದನ್ನು ತನ್ನ ಭಾಷೆಯಲ್ಲಿ ಓದಿ ನಡೆಸುತ್ತದೆ. ತಪ್ಪು ಹುಡುಕುವವನಿಗೆ ಇದರಿಂದ ದೊಡ್ಡ ಉಪಕಾರ. ಯಾವ ಆಜ್ಞೆ ಮೂಲಪ್ರತಿಯ ಎಷ್ಟನೆಯ ಸಾಲಿನಿಂದ ಬಂತೆಂಬ ಲೆಕ್ಕವನ್ನು ಜೊತೆಯಲ್ಲಿಟ್ಟುಕೊಳ್ಳಬಹುದಾದ್ದರಿಂದ, ಪ್ರೋಗ್ರಾಮು ಎಡವಿ ಬಿದ್ದಾಗ ಈ ಮಧ್ಯವರ್ತಿಯು ಯಾರು ಯಾರನ್ನು ಕರೆದರು, ಯಾವ ಸಾಲಿನಲ್ಲಿ ಮುಗ್ಗರಿಸಿದರು ಎಂಬ ವಂಶಾವಳಿಯನ್ನೇ ಅಚ್ಚುಹಾಕಿಬಿಡುತ್ತದೆ. ಕೇಂಬ್ರಿಜ್ಜಿನ ಮರಣೋತ್ತರ ಪರೀಕ್ಷೆ ಇಲ್ಲಿ ಕೇಳದೆಯೇ ಸಿಗುತ್ತದೆ.

ಅಂತರಜಾಲದ ಪುಟಗಳನ್ನು ನಡೆಸುವ ಪ್ರೋಗ್ರಾಮುಗಳ ವಿಷಯ ಸ್ವಲ್ಪ ತೊಡಕಿನದು. ಅವು ತಾವಾಗಿ ಓಡುವುದಿಲ್ಲ. ಸರ್ವರ್ ಎಂಬ ಇನ್ನೊಂದು ಪ್ರೋಗ್ರಾಮಿನ ಹೊಟ್ಟೆಯಲ್ಲಿ ಕುಳಿತು, ದೂರದ ಓದುಗನೊಬ್ಬ ಪುಟವನ್ನು ಕೇಳಿದಾಗ ಎಚ್ಚರಗೊಂಡು ಉತ್ತರಿಸಿ ಮತ್ತೆ ಸುಮ್ಮನಾಗುತ್ತವೆ. ಜಾವಾದಲ್ಲಿ ಇದಕ್ಕೆ ಸರ್ವ್‌ಲೆಟ್ ಎಂದು ಹೆಸರು. ಅದರ ವಿಧಿನಿಯಮಗಳು 1997ರಲ್ಲಿ ಗೊತ್ತಾದವು. ಅವನ್ನು ನಡೆಸುವ ಸರ್ವರನ್ನು ಸನ್ ಸಂಸ್ಥೆಯ ಜೇಮ್ಸ್ ಡಂಕನ್ ಡೇವಿಡ್‌ಸನ್ ಬರೆದರು. 1999ರಲ್ಲಿ ಅದು ಅಪಾಚೆ ಎಂಬ ಸ್ವಯಂಸೇವಾ ಸಂಸ್ಥೆಗೆ ದಾನವಾಗಿ ಸಂದಿತು. ಯಾರ ಹಂಗೂ ಇಲ್ಲದೆ ತನ್ನನ್ನು ತಾನು ನೋಡಿಕೊಳ್ಳಬಲ್ಲ ಪ್ರಾಣಿಯ ಹೆಸರಿರಲೆಂದು ಅದಕ್ಕೆ ಅವರು ಗಂಡುಬೆಕ್ಕಿನ ಹೆಸರನ್ನಿಟ್ಟಿದ್ದರು. ಅದೇ ಟಾಮ್‌ಕ್ಯಾಟ್.

ಸರ್ವರಿನ ಹೊಟ್ಟೆಯಲ್ಲಿರುವುದನ್ನು ಹೊರಗಿನಿಂದ ನಿಲ್ಲಿಸುವುದು ಹೇಗೆ? ಬಹುಕಾಲ ಇದಕ್ಕೆ ಬಡವರ ಉಪಾಯವೊಂದೇ ಇತ್ತು. ಅನುಮಾನವಿದ್ದ ಕಡೆಯಲ್ಲೆಲ್ಲ, ‘ಇಲ್ಲಿಗೆ ಬಂದೆ, ನನ್ನ ಕೈಯಲ್ಲಿರುವುದು ಇದು’ ಎಂದು ಬರೆದಿಡುವ ಸಾಲುಗಳನ್ನು ಸೇರಿಸಿ, ಮತ್ತೆ ಕಟ್ಟಿ, ಸರ್ವರಿಗೆ ಏರಿಸಿ, ಮತ್ತೆ ಓಡಿಸಿ, ಬರೆದದ್ದನ್ನು ಓದುವುದು. ಒಂದು ಪ್ರಶ್ನೆಗೆ ಒಂದು ಸುತ್ತು. ವಿಲ್ಕ್ಸರ ಮೆಟ್ಟಿಲಿನ ಓಡಾಟವೇ ಬೇರೆ ವೇಷದಲ್ಲಿ. 2000ದಲ್ಲಿ ಬಂದ ಜಾವಾ 1.3ರ ಜೊತೆಗೆ ಇದಕ್ಕೊಂದು ಅಧಿಕೃತ ಏರ್ಪಾಡು ಸೇರಿತು. ಕಲ್ಪಿತ ಯಂತ್ರವನ್ನು ಹೊರಡಿಸುವಾಗಲೇ, ‘ಇಂಥ ಸಂಖ್ಯೆಯ ಬಾಗಿಲಿನಲ್ಲಿ ಕಿವಿಗೊಟ್ಟಿರು’ ಎಂದು ಹೇಳಿದರೆ, ಬೇರೊಂದು ಕೋಣೆಯಿಂದಲೋ ಬೇರೊಂದು ಊರಿನಿಂದಲೋ ಡಿಬಗ್ಗರು ಆ ಬಾಗಿಲಿಗೆ ಬಂದು ಮಾತಾಡಬಹುದು. 42ನೆಯ ಸಾಲಿನಲ್ಲಿ ನಿಲ್ಲು, ಈ ಹೆಸರಿನ ಮನೆಯಲ್ಲಿ ಏನಿದೆ ಹೇಳು, ಒಂದು ಹೆಜ್ಜೆ ಮುಂದಿಡು ಎಂದು ಕೇಳುವುದಕ್ಕೂ ಉತ್ತರ ಪಡೆಯುವುದಕ್ಕೂ ಒಂದು ಗೊತ್ತಾದ ಸಂಭಾಷಣೆಯ ಕ್ರಮ ಏರ್ಪಟ್ಟಿತು. ಆ ಬಾಗಿಲನ್ನು ತೆರೆದಿಟ್ಟು ಮರೆತರೆ ಕಳ್ಳನೂ ಅದರಲ್ಲೇ ಬರುತ್ತಾನೆ. ಆದ್ದರಿಂದ 2017ರಲ್ಲಿ ಬಂದ ಜಾವಾ 9ರಿಂದೀಚೆಗೆ, ಬೇರೆ ಹೇಳದ ಹೊರತು ಆ ಬಾಗಿಲು ಅದೇ ಯಂತ್ರದೊಳಗಿನವರಿಗೆ ಮಾತ್ರ ತೆರೆಯುತ್ತದೆ.

ಬರೆಯುವುದು, ಕಟ್ಟುವುದು, ಓಡಿಸುವುದು, ನಿಲ್ಲಿಸುವುದು ಎಲ್ಲವನ್ನೂ ಒಂದೇ ಕಿಟಕಿಯಲ್ಲಿ ಸೇರಿಸಿದ ಕಾರ್ಯಾಗಾರಗಳೂ ಅದೇ ಕಾಲದಲ್ಲಿ ಬಂದವು. ಪ್ರಾಗ್ ನಗರದ ಚಾರ್ಲ್ಸ್ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ವಿದ್ಯಾರ್ಥಿಗಳು ಅಭ್ಯಾಸಕ್ಕೆಂದು ಮಾಡಿದ ಕೆಲಸ ನೆಟ್‌ಬೀನ್ಸ್ ಆಗಿ ಬೆಳೆಯಿತು. 1999ರಲ್ಲಿ ಸನ್ ಸಂಸ್ಥೆ ಅದನ್ನು ಕೊಂಡು, ಮರುವರ್ಷ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದೇ ನಗರದಲ್ಲಿ 2000ದಲ್ಲಿ ಹುಟ್ಟಿದ ಜೆಟ್‌ಬ್ರೇನ್ಸ್ ಸಂಸ್ಥೆಯಿಂದ ಇಂಟೆಲಿಜೆ ಐಡಿಯಾ ಬಂದಿತು. 2001ರ ನವೆಂಬರಿನಲ್ಲಿ ಐಬಿಎಂ ಎಕ್ಲಿಪ್ಸನ್ನು ಲೋಕಕ್ಕೆ ಬಿಟ್ಟುಕೊಟ್ಟಿತು. 2002ರ ಜಾವಾ 1.4ರಲ್ಲಿ ಇನ್ನೊಂದು ಚಮತ್ಕಾರ ಸಾಧ್ಯವಾಯಿತು: ನಿಲ್ಲಿಸಿದ ಪ್ರೋಗ್ರಾಮನ್ನು ಕೊಲ್ಲದೆಯೇ, ಒಂದು ಕಾರ್ಯದ ಒಳಗಿನ ಸಾಲುಗಳನ್ನು ತಿದ್ದಿ ಮುಂದೆ ಓಡಿಸುವುದು. ಹೊಸ ಕೋಣೆ ಕಟ್ಟುವಂತಿಲ್ಲ, ಇರುವ ಕೋಣೆಯೊಳಗಿನ ಸಾಮಾನು ಬದಲಾಯಿಸಬಹುದು. 2014ರಲ್ಲಿ ಬಂದ ಸ್ಪ್ರಿಂಗ್ ಬೂಟ್ ಎಂಬ ಏರ್ಪಾಡಿನಲ್ಲಂತೂ ಸರ್ವರೇ ಪ್ರೋಗ್ರಾಮಿನ ಹೊಟ್ಟೆಯೊಳಕ್ಕೆ ಸೇರಿಕೊಂಡಿತು!

ಆದರೂ ಈ ವಿದ್ಯೆಗೆ ಮಿತಿಯುಂಟು. ಸರ್ವರು ಏಕಕಾಲದಲ್ಲಿ ಹಲವರ ಬೇಡಿಕೆಗಳನ್ನು ಬೇರೆಬೇರೆ ಎಳೆಗಳಲ್ಲಿ ನಡೆಸುತ್ತಿರುತ್ತದೆ. ಒಂದು ಎಳೆಯನ್ನು ನಿಲ್ಲಿಸಿದರೆ ಆ ಓದುಗ ಕಾಯುತ್ತಾನೆ, ಎಲ್ಲವನ್ನೂ ನಿಲ್ಲಿಸಿದರೆ ಊರೇ ಕಾಯುತ್ತದೆ. ಆದುದರಿಂದ ಜನ ಬಳಸುತ್ತಿರುವ ಸರ್ವರಿನಲ್ಲಿ ಇದನ್ನು ಮಾಡಬಾರದು. ತನ್ನ ಮೇಜಿನ ಮೇಲಿನ ಯಂತ್ರದಲ್ಲಿ ಅದೇ ಸನ್ನಿವೇಶವನ್ನು ಹೂಡಿ ನೋಡಬೇಕು. ಇನ್ನು ಕೆಲವು ತಪ್ಪುಗಳು ಎರಡು ಕೆಲಸಗಳ ವೇಗದ ಹೊಂದಾಣಿಕೆಯಿಂದಲೇ ಹುಟ್ಟುತ್ತವೆ, ನಿಲ್ಲಿಸಿದೊಡನೆ ಮಾಯವಾಗುತ್ತವೆ. 1985ರಿಂದ 1987ರವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ ಆರು ರೋಗಿಗಳಿಗೆ ವಿಪರೀತ ಪ್ರಮಾಣದ ವಿಕಿರಣವನ್ನು ಹಾಯಿಸಿತು, ಕೆಲವರು ಸತ್ತರು. ಅದರ ದೋಷಗಳಲ್ಲೊಂದು, ಕೈಚಳಕವಿದ್ದ ನಿರ್ವಾಹಕರು ಬೇಗಬೇಗ ಟೈಪು ಮಾಡಿ ತಿದ್ದಿದಾಗ ಮಾತ್ರ ಹೊರಬೀಳುತ್ತಿತ್ತು. ನಿಧಾನವಾಗಿ ಪರೀಕ್ಷಿಸಿದವರಿಗೆ ಯಂತ್ರ ನಿರ್ದೋಷಿಯಾಗಿ ಕಾಣುತ್ತಿತ್ತು. ಪರೀಕ್ಷೆಯು ತಪ್ಪು ಇದೆಯೆಂದು ತೋರಿಸಬಲ್ಲದೇ ಹೊರತು ಇಲ್ಲವೆಂದು ತೋರಿಸಲಾರದೆಂದು ಡೈಕ್‌ಸ್ಟ್ರಾ ಎಂಬ ಡಚ್ ಪಂಡಿತರು ಎಚ್ಚರಿಸಿದ್ದು ಅದಕ್ಕೂ ಬಹಳ ಮುಂಚೆಯೇ.

*

ಈಗ ನಮ್ಮ ಲಕ್ಷ್ಮಿಯ ಕಡೆಗೆ ಬರೋಣ.

ನನ್ನ ವಿದ್ಯಾರ್ಥಿ ಆ ಪ್ರೋಗ್ರಾಮನ್ನು ತನ್ನ ಲ್ಯಾಪ್‌ಟಾಪಿನಲ್ಲಿಯೇ ಟಾಮ್‌ಕ್ಯಾಟಿನೊಳಗೆ ಓಡಿಸಿದ. ಹೆಸರನ್ನು ಪುಟಕ್ಕೆ ಬರೆಯುವ ಸಾಲಿನ ಅಂಚಿನಲ್ಲಿ ಕೆಂಪು ಚುಕ್ಕೆಯಿಟ್ಟ. ಪ್ರತಿ ಹೆಸರಿಗೂ ನಿಂತರೆ ಬೆಳಗಾಗುತ್ತದೆಂದು, ಲಕ್ಷ್ಮಿಯ ನೋಂದಣಿ ಸಂಖ್ಯೆ ಬಂದಾಗ ಮಾತ್ರ ನಿಲ್ಲುವಂತೆ ಷರತ್ತು ಹಾಕಿದ. ಪುಟವನ್ನು ಕೇಳಿದೆವು. ಪ್ರೋಗ್ರಾಮು ನಿಂತಿತು. ಅವನು ಒಂದು ಮನೆಯ ಕಡೆ ಬೆರಳು ತೋರಿಸಿ, “ನೋಡಿ ಸಾರ್” ಎಂದ. ಅಲ್ಲಿ ಅಚ್ಚುಕಟ್ಟಾಗಿ, ದುಂಡಗೆ, ‘ಲಕ್ಷ್ಮಿ’ ಎಂದಿತ್ತು! ಹುಡುಗಿಯ ಹೆಸರು ಅಲ್ಲಿಯವರೆಗೆ ಸುಖವಾಗಿ ಬಂದಿತ್ತು. ಸಂಗ್ರಹದಲ್ಲಿ ಕೆಟ್ಟಿರಲಿಲ್ಲ, ಜಾವಾದ ಕೈಯಲ್ಲಿಯೂ ಕೆಟ್ಟಿರಲಿಲ್ಲ.

ಜಗತ್ತಿನ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಏರ್ಪಾಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಮನೆಗಳ ಓಣಿಯೊಂದು ಮೀಸಲಾಗಿದೆ. ಜಾವಾ ಹುಟ್ಟಿನಿಂದಲೇ ಯೂನಿಕೋಡನ್ನು ಒಪ್ಪಿಕೊಂಡ ಭಾಷೆ. ನಮ್ಮ ಕಣ್ಣಿಗೆ ಎರಡಕ್ಷರವಾದ ‘ಲಕ್ಷ್ಮಿ’ ಅದಕ್ಕೆ ಏಳು ಸಂಕೇತಗಳು: ಲಕಾರ, ಕಕಾರ, ಒತ್ತಕ್ಷರ ಕೂಡಿಸುವ ಗುರುತು, ಷಕಾರ, ಮತ್ತೆ ಆ ಗುರುತು, ಮಕಾರ, ಕೊನೆಗೆ ಗುಡಿಸು. ಏಳು ಪ್ರಶ್ನಚಿಹ್ನೆಗಳ ಗುಟ್ಟು ಇದು. ಯಾರೋ ಹೊರಬಾಗಿಲಿನಲ್ಲಿ ಕುಳಿತು, ಒಂದೊಂದು ಸಂಕೇತವನ್ನೂ ‘ಇದು ನನಗೆ ಗೊತ್ತಿಲ್ಲ’ ಎಂದು ಒಂದೊಂದು ಪ್ರಶ್ನಚಿಹ್ನೆಯಾಗಿ ಬದಲಾಯಿಸುತ್ತಿದ್ದರು.

ನಿಂತಿದ್ದ ಪ್ರೋಗ್ರಾಮನ್ನು ಅವನು ಕೇಳಿದ: ಈ ಪುಟ ಯಾವ ಲಿಪಿಸಂಕೇತದಲ್ಲಿ ಹೊರಗೆ ಹೋಗುತ್ತಿದೆ? ಉತ್ತರ ಬಂದಿತು: ಐಎಸ್‌ಒ-8859-1. ಅದು ಪಶ್ಚಿಮ ಯೂರೋಪಿನ ಭಾಷೆಗಳಿಗೆಂದು ಮಾಡಿದ 256 ಮನೆಗಳ ಹಳೆಯ ಏರ್ಪಾಡು. ಕನ್ನಡಕ್ಕೆ ಅಲ್ಲಿ ಜಾಗವಿಲ್ಲ. ಬೇರೆ ಹೇಳದಿದ್ದರೆ ಅದೇ ಇರಲಿ ಎಂಬುದು ಸರ್ವ್‌ಲೆಟ್‌ಗಳ ಹುಟ್ಟುನಿಯಮ. ಆದರೆ ನಮ್ಮ ಪ್ರೋಗ್ರಾಮಿನಲ್ಲಿ ‘ಯುಟಿಎಫ್-8 ಬಳಸು’ ಎಂದು, ಕನ್ನಡವನ್ನೂ ಹೊರಬಲ್ಲ ಹೊಸ ಸಂಕೇತದ ಹೆಸರನ್ನು ಸ್ಪಷ್ಟವಾಗಿ ಬರೆದಿತ್ತು! ಎರಡು ಗಂಟೆ ಓದಿಯೂ ತಪ್ಪು ಕಾಣದೆಹೋದದ್ದು ಇದಕ್ಕೇ. ಆ ಸಾಲು ಇತ್ತು, ಜಾಗ ತಪ್ಪಿತ್ತು. ಬರೆಯುವ ಲೇಖನಿಯನ್ನು ಕೈಗೆ ತೆಗೆದುಕೊಂಡ ಮರುಸಾಲಿನಲ್ಲಿ ‘ಈ ಮಸಿಯಿಂದ ಬರೆ’ ಎಂದು ಹೇಳಿದ್ದರು. ಲೇಖನಿಯನ್ನು ಎತ್ತಿಕೊಂಡ ಮೇಲೆ ಮಸಿ ಬದಲಾಯಿಸಲಾಗದೆಂಬುದು ಸರ್ವ್‌ಲೆಟ್‌ಗಳ ಇನ್ನೊಂದು ನಿಯಮ. ಆ ಆಜ್ಞೆಯನ್ನು ಯಂತ್ರ ತಪ್ಪೆಂದೂ ಹೇಳುವುದಿಲ್ಲ, ನಡೆಸುವುದೂ ಇಲ್ಲ, ಮೌನವಾಗಿ ದಾಟಿಬಿಡುತ್ತದೆ. ಇಂಗ್ಲಿಷ್ ಪಟ್ಟಿಯ ಕಾಲದಲ್ಲಿ ಈ ತಪ್ಪು ಇದ್ದೂ ಇಲ್ಲದಂತಿತ್ತು.

ಎರಡು ಸಾಲುಗಳನ್ನು ಅದಲುಬದಲು ಮಾಡಿದ. ಮತ್ತೆ ಓಡಿಸಿದ. ಪಟ್ಟಿ ತುಂಬ ಹೆಸರುಗಳು! ಓಡಿಸಿ ನಿಲ್ಲಿಸಿ ನೋಡಿದ್ದಕ್ಕೆ ಹಿಡಿದದ್ದು ಹತ್ತು ನಿಮಿಷವೂ ಇಲ್ಲ. ಮರುದಿನ ಬೆಳಿಗ್ಗೆ ಸೂಚನಾಫಲಕದ ಮುಂದೆ ಆ ರೈತರು ಬೆರಳನ್ನು ಕಾಗದದ ಮೇಲೆ ಇಳಿಸುತ್ತ ಬಂದು ಒಂದು ಕಡೆ ನಿಲ್ಲಿಸಿದರು. ಅವರು ಓದಿಕೊಂಡರು, ನನ್ನನ್ನು ಕೇಳಲಿಲ್ಲ.

ಒಂದು ಮಾತು ಮಾತ್ರ ನನ್ನ ಮನಸ್ಸಿನಲ್ಲಿ ಉಳಿದಿದೆ. ಆ ಎರಡು ದಿನಗಳಲ್ಲಿ ತಪ್ಪಿನ ಜಾಗ ಗೊತ್ತಾಗದೆ ಹೋಗಿದ್ದರೆ ಏನಾಗುತ್ತಿತ್ತು? ಶುಲ್ಕದ ಕೊನೆಯ ದಿನ ಕಾಯುವುದಿಲ್ಲ; ಇಂಗ್ಲಿಷ್ ಪಟ್ಟಿ ಮರಳಿ ಬರುತ್ತಿತ್ತು. ಕನ್ನಡ ಯಂತ್ರಕ್ಕೆ ಒಗ್ಗದೆಂಬ ಮಾತಿಗೆ ಇನ್ನೊಂದು ಸಾಕ್ಷಿ ಸಿಕ್ಕಂತಾಗಿ, ಮುಂದಿನ ಸಭೆಗಳಲ್ಲಿ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಸಾಲೊಂದರ ಸ್ಥಾನಪಲ್ಲಟದ ಅಪರಾಧಕ್ಕೆ ಒಂದು ಭಾಷೆ ಶಿಕ್ಷೆ ಅನುಭವಿಸುತ್ತಿತ್ತು. ತಂತಿಯನ್ನು ಕಿತ್ತು ದೀಪಗಳನ್ನು ಓದಿದ ಆ ಆರು ತರುಣಿಯರು ಕಲಿಸಿಕೊಟ್ಟದ್ದು ಇಷ್ಟೇ: ಯಾರನ್ನೂ ದೂರುವ ಮೊದಲು ಅಲ್ಲಿ ನಿಲ್ಲಿಸು, ಯಾವ ಮನೆಯಲ್ಲಿ ಏನಿದೆಯೆಂದು ಕಣ್ಣಾರೆ ನೋಡು.